ಓರಗಿತ್ತಿಗೆ ಬರೆದ ಪತ್ರ ಸರಿ, ಲಕೋಟೆ ಯಾವುದರದು?

ಪ್ರಶ್ನೆ: ನಾನಿರುವುದು ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ. ಇಲ್ಲಿ ಹಳೆಯ ಮನೆಯೊಂದರ ಸಾಮಾನುಗಳನ್ನು ಮಾರುವಾಗ ಒಂದು ಪೆಟ್ಟಿಗೆ ಕೊಂಡೆ. ಅದರೊಳಗೆ ಒಂದು ಪತ್ರವಿತ್ತು. ದರೋಡೆಕೋರ ಫ್ರಾಂಕ್ ಜೇಮ್ಸನ ಹೆಂಡತಿ ಆ್ಯನಿ, ಅವನ ತಮ್ಮ ಜೆಸ್ಸಿ ಜೇಮ್ಸನ ವಿಧವೆ ಜೀಗೆ ಬರೆದದ್ದು ಎಂದು ಮಾರಿದವರು ಹೇಳಿದರು. ಒಂದೇ ಹಾಳೆಯನ್ನು ನಡುವೆ ಮಡಚಿ ನಾಲ್ಕು ಪುಟ ಮಾಡಿದ್ದಾರೆ. ತೆಳು ನೀಲಿ ಗೆರೆ, ಕಂದು ಶಾಯಿ. ಮೇಲೆ ಇಂಡಿಪೆಂಡೆನ್ಸ್ ಊರಿನ ಹೆಸರು, ಭಾನುವಾರ, ನವೆಂಬರ್ 19, 1882 ಎಂದಿದೆ. ಜೈಲಿನಲ್ಲಿರುವ ಗಂಡನ ಆರೋಗ್ಯ, ಮಗ ರಾಬ್‌ನ ಕೆಮ್ಮು, ಚಳಿಗೆ ಅತ್ತೆಯ ಕೈ ನೋಯುವುದು, ನೆರೆಯ ಇಬ್ಬರ ವಿಷಯ, ಇಷ್ಟು ಬರೆದಿದೆ. ಲಕೋಟೆಯ ಮೇಲೆ 2 ಸೆಂಟಿನ ಕೆಂಗಂದು ಬಣ್ಣದ ವಾಷಿಂಗ್ಟನ್ ಅಂಚೆಚೀಟಿ ಇದೆ. ಮುದ್ರೆಯಲ್ಲಿ ತಿಂಗಳು, ದಿನ ಕಾಣುತ್ತವೆ, ವರ್ಷವಿಲ್ಲ. ಮಡಿಕೆ ಹರಿದಲ್ಲಿ ಯಾರೋ ಅಂಟುಟೇಪು ಹಚ್ಚಿದ್ದಾರೆ. ಒಬ್ಬರು ಲ್ಯಾಮಿನೇಟ್ ಮಾಡಿಸಿ ಎನ್ನುತ್ತಾರೆ, ಮತ್ತೊಬ್ಬರು ಚೀಟಿಯ ಅಂಟಿನಿಂದ ಡಿಎನ್ಎ ತೆಗೆಸಿ ಎನ್ನುತ್ತಾರೆ. ಒಬ್ಬ ಸಂಗ್ರಾಹಕರು ಈ ವಾರವೇ ಕೊಂಡುಕೊಳ್ಳುವುದಾಗಿ ಒತ್ತಾಯಿಸುತ್ತಿದ್ದಾರೆ. ಇದು ಅಸಲಿಯೇ? ನಾನೇನು ಮಾಡಲಿ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಪತ್ರ ಅಸಲಿಯೇ, ಅದನ್ನು ಉಳಿಸಿಕೊಳ್ಳುವುದು ಹೇಗೆ, ಮಾರಬೇಕೇ ಬೇಡವೇ. ಇವುಗಳಲ್ಲಿ ಅವಸರದ್ದು ಎರಡನೆಯದು ಮಾತ್ರ. ನೂರ ನಲವತ್ತು ವರ್ಷ ಕಾದ ಹಾಳೆಗೆ ಮೊದಲ ಪ್ರಶ್ನೆಯ ಉತ್ತರಕ್ಕಾಗಿ ಇನ್ನು ಆರು ತಿಂಗಳು ಕಾಯುವುದು ಕಷ್ಟವಲ್ಲ. ಆದರೆ ಒಂದು ಮಧ್ಯಾಹ್ನ ಲ್ಯಾಮಿನೇಟ್ ಮಾಡಿಸಿದರೆ ಆದ ಹಾನಿ ಆದದ್ದೇ. ಮೂರಕ್ಕೂ ಉತ್ತರ ಹೇಳುವ ಮೊದಲು ನಿಮ್ಮ ಲಕೋಟೆಯ ವಿಷಯ ಎತ್ತಿಕೊಳ್ಳುತ್ತೇನೆ.

1882ರ ನವೆಂಬರ್‌ನಲ್ಲಿ ಅಮೆರಿಕದ ಒಂದೂರಿನಿಂದ ಇನ್ನೊಂದೂರಿಗೆ ಅರ್ಧ ಔನ್ಸ್ ತೂಕದ ಪತ್ರಕ್ಕೆ 3 ಸೆಂಟು ದರವಿತ್ತು. ಅದು 2 ಸೆಂಟಿಗೆ ಇಳಿದದ್ದು 1883ರ ಅಕ್ಟೋಬರ್ 1ರಂದು. ನೀವು ಹೇಳುವ ಕೆಂಗಂದು ವಾಷಿಂಗ್ಟನ್ ಚೀಟಿಯನ್ನು ಆ ಹೊಸ ದರಕ್ಕೆಂದೇ ಅದೇ ದಿನ ಹೊರತಂದರು. ಅದಕ್ಕೆ ಮೊದಲು 2 ಸೆಂಟಿನ ಚೀಟಿಯಲ್ಲಿದ್ದದ್ದು ಕಡು ಕಿತ್ತಳೆಗೆಂಪಿನ ಜಾಕ್ಸನ್ ಚಿತ್ರ. ಅದು ಅಂಟಿದ್ದರೆ, ಒಂದೇ ಊರೊಳಗಿನ ಪತ್ರಕ್ಕೆ ಕೆಲವೆಡೆ 2 ಸೆಂಟು ಸಾಕಾಗುತ್ತಿತ್ತು ಎಂದಾದರೂ ವಾದಿಸಬಹುದಿತ್ತು. ಇಲ್ಲಿ ಆ ವಾದಕ್ಕೂ ಜಾಗವಿಲ್ಲ. ನಿಮ್ಮ ಲಕೋಟೆ ಪತ್ರದ ದಿನಾಂಕಕ್ಕಿಂತ ಕಡಿಮೆಯೆಂದರೂ ಹತ್ತು ತಿಂಗಳು ಈಚಿನದು.

ಹಾಗಾದರೆ ಪತ್ರ ನಕಲಿಯೇ? ಅಷ್ಟರಿಂದಲೇ ಹಾಗೆ ಹೇಳಲಾಗದು. ಒಂದೇ ಮನೆಯ ಪತ್ರಗಳನ್ನು ಕಟ್ಟಿಟ್ಟಾಗ ಲಕೋಟೆಗಳು ಅದಲುಬದಲಾಗುವುದು ಸಾಮಾನ್ಯ. ಚೀಟಿ ಸಂಗ್ರಹಿಸುವವರು ಒಳ್ಳೆಯ ಲಕೋಟೆಗಳನ್ನು ಎತ್ತಿಕೊಂಡು ಪತ್ರಗಳನ್ನು ಬಿಟ್ಟುಹೋಗುತ್ತಾರೆ. ಆಮೇಲೆ ಮಾರುವವರು ಯಾವುದೋ ಹಳೆಯ ಲಕೋಟೆಗೆ ಯಾವುದೋ ಪತ್ರ ಸೇರಿಸುತ್ತಾರೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪತ್ರವನ್ನು ಅದರ ಹಳೆಯ ಮಡಿಕೆಗಳಲ್ಲೇ ಮೃದುವಾಗಿ ಮಡಚಿ ಅಳತೆ ತೆಗೆಯಿರಿ, ಲಕೋಟೆಯ ಒಳಗಿನ ಅಳತೆಯೊಂದಿಗೆ ಹೋಲಿಸಿ. ಹಾಳೆ ಹರಿಯುವಂತಿದ್ದರೆ ಮಡಚಬೇಡಿ, ಮಡಿಕೆಗಳ ನಡುವಿನ ಅಂತರವನ್ನಷ್ಟೇ ಅಳೆಯಿರಿ. ಜೋಡಿ ನಿಜವಾದರೆ ಮಡಚಿದ ಪತ್ರ ಲಕೋಟೆಗೆ ಸಲೀಸಾಗಿ ಕೂರುತ್ತದೆ, ಹಾಳೆಯ ಹೊರಭಾಗದ ಕೊಳೆಪಟ್ಟಿ ಲಕೋಟೆಯ ಅಂಚಿಗೆ ಹೊಂದುತ್ತದೆ. ಬಹುಕಾಲ ಒತ್ತಿಕೊಂಡಿದ್ದ ಶಾಯಿಯ ಮಸುಕು ಕಂದು ನೆರಳು ಲಕೋಟೆಯ ಒಳಮೈಗೆ ಇಳಿದಿರುತ್ತದೆ. ನೆರಳೇ ಇಲ್ಲದಿದ್ದರೆ, ಅಥವಾ ಬೇರೊಂದು ಪತ್ರದ ಸಾಲುಗಳ ನೆರಳಿದ್ದರೆ, ಲಕೋಟೆಯನ್ನು ಪತ್ರದಿಂದ ಬೇರೆ ಮಾಡಿಡಿ. ಅಲ್ಲಿಂದ ಮುಂದೆ ಎರಡೂ ಎರಡು ಬೇರೆ ವಸ್ತುಗಳು.

ಇನ್ನು ಹಾಳೆ ಮತ್ತು ಶಾಯಿ. ಕಂದು ಶಾಯಿ ಕಂಡರೆ ಹಳೆಯದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆ ಕಾಲದ ಶಾಯಿಗಳಲ್ಲಿ ಬಹುಪಾಲು ಮಾಚಿಕಾಯಿಯ ಒಗರು, ಅನ್ನಭೇದಿ, ಗೋಂದು, ನೀರು ಸೇರಿಸಿ ಮಾಡಿದ ಕಬ್ಬಿಣದ ಶಾಯಿ. ಬರೆದಾಗ ಮಂಕಾಗಿದ್ದು ಗಾಳಿಗೆ ಕಪ್ಪಾಗಿ, ದಶಕಗಳಲ್ಲಿ ಕಂದಾಗುತ್ತದೆ ಎಂಬುದು ನಿಜವೇ. ಆದರೆ ಅದೇ ಶಾಯಿಯನ್ನು ಇವತ್ತೂ ಕಲಸಬಹುದು, ಶಾಖ ಕೊಟ್ಟು ಕಂದಾಗಿಸಬಹುದು. ಹಳೆಯ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಯಂತೂ ಯಾರಿಗೂ ಸಿಗುತ್ತದೆ. ಹಾಗಾಗಿ ಹಾಳೆ, ಶಾಯಿಗಳ ಪರೀಕ್ಷೆಯಿಂದ ನಕಲಿಯನ್ನು ಹಿಡಿಯಬಹುದೇ ಹೊರತು ಅಸಲಿಯನ್ನು ಸಾಬೀತು ಮಾಡಲಾಗದು.

ಜೇಮ್ಸ್ ಮನೆತನದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಇವರ ಹೆಸರಿನ ವ್ಯಾಪಾರ ಇವರು ಬದುಕಿದ್ದಾಗಲೇ ಶುರುವಾಗಿತ್ತು. 1882ರ ಏಪ್ರಿಲ್ 3ರಂದು ಸೇಂಟ್ ಜೋಸೆಫ್‌ನಲ್ಲಿ ಅವನದೇ ಗುಂಪಿನ ಬಾಬ್ ಫೋರ್ಡ್ ಜೆಸ್ಸಿಯನ್ನು ಗುಂಡಿಟ್ಟು ಕೊಂದ ಮೇಲೆ, ತಾಯಿ ಜೆರೆಲ್ಡಾ ಸ್ಯಾಮ್ಯುಯೆಲ್ ಅವರು ಮಗನ ಶವವನ್ನು ತಮ್ಮ ಹೊಲದ ಮನೆಯ ಅಂಗಳದಲ್ಲೇ ಹೂಳಿಸಿದರು. ನೋಡಲು ಬಂದವರಿಗೆ ಸಮಾಧಿಯ ಮೇಲಿನ ಬೆಣಚುಕಲ್ಲುಗಳನ್ನು 25 ಸೆಂಟಿಗೆ ಮಾರುತ್ತಿದ್ದರು, ಮುಗಿದಾಗ ತೊರೆಯಿಂದ ಹೊಸ ಕಲ್ಲು ತಂದು ತುಂಬಿಸುತ್ತಿದ್ದರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮಗನನ್ನು ಕಳೆದುಕೊಂಡ, ಕೈಯಲ್ಲಿ ಕಾಸಿಲ್ಲದ ಮುದುಕಿಯ ಮೇಲೆ ಅದಕ್ಕಾಗಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಇದರಿಂದ ನಿಮಗೆ ತಿಳಿಯಬೇಕಾದದ್ದು ಇಷ್ಟು: ಈ ಹೆಸರಿಗೆ ದುಡ್ಡು ಹುಟ್ಟುತ್ತದೆ ಎಂದು ಜನಕ್ಕೆ ಗೊತ್ತಾಗಿ ನೂರು ವರ್ಷ ದಾಟಿದೆ, ಹಾಗಾಗಿ ನಕಲಿಗೂ ನೂರು ವರ್ಷ ವಯಸ್ಸಾಗಿರಬಹುದು. ಅಂಥದ್ದರಲ್ಲಿ ಹಾಳೆ, ಶಾಯಿ, ಲೇಖನಿ ಎಲ್ಲವೂ ಕಾಲಕ್ಕೆ ಸರಿಯಾಗಿಯೇ ಇರುತ್ತವೆ.

ಇಷ್ಟಾದರೂ ಮನೆಯಲ್ಲಿ ಮೂರು ನೋಟ ನೋಡಲೇಬೇಕು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಹತ್ತಿಯ ಕೈಗವಸು ಬೇಡ, ಅದರ ಎಳೆ ಹಾಳೆಯ ಹರುಕಿಗೆ ಸಿಕ್ಕುತ್ತದೆ. ಮೊದಲು ಕೋಣೆ ಕತ್ತಲು ಮಾಡಿ 365 ನ್ಯಾನೋಮೀಟರಿನ ನೇರಳಾತೀತ ಟಾರ್ಚನ್ನು ಕೆಲವೇ ಕ್ಷಣ ಹಾಯಿಸಿ. ಹಾಳೆಯೆಲ್ಲ ಬೆಳ್ಳನೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕವಿದೆ. ಆ ರಾಸಾಯನಿಕ ಹಾಳೆಗೆ ಬಂದದ್ದು 1950ರ ಆಸುಪಾಸಿನಲ್ಲಿ, ಕಥೆ ಅಲ್ಲಿಗೇ ಮುಗಿಯಿತು. ಅಲ್ಲಲ್ಲಿ ಚುಕ್ಕೆಯಾಗಿ ಹೊಳೆದರೆ ಗಾಬರಿ ಬೇಡ, ಸೋಪು ಹಾಕಿ ಒಗೆದ ಬಟ್ಟೆ ತಗುಲಿದರೂ ಹಾಗಾಗುತ್ತದೆ. ಟೇಪಿನ ಅಂಟು ಬೇರೆಯೇ ಬಣ್ಣದಲ್ಲಿ ಹೊಳೆಯಬಹುದು.

ಎರಡನೆಯದಾಗಿ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಮೇಲಿಂದ ಕೆಳಕ್ಕೆಳೆದ ಗೆರೆಗಳನ್ನು ನೋಡಿ. ಶಾಯಿಯಲ್ಲಿ ಅದ್ದಿ ಬರೆಯುವ ಉಕ್ಕಿನ ಮುಳ್ಳಿನ ತುದಿ ಸೀಳಿರುತ್ತದೆ. ಒತ್ತಿದಾಗ ಎರಡು ಕಾಲುಗಳೂ ಅಗಲಿ, ಗೆರೆಯ ಎರಡು ಅಂಚುಗಳು ರೈಲುಹಳಿಯಂತೆ ಗಾಢವಾಗಿ ಮೂಡುತ್ತವೆ, ನಡುವೆ ತೆಳುವಾಗಿರುತ್ತದೆ. ಶಾಯಿ ತೀರುತ್ತ ಬಂದ ಹಾಗೆ ಅಕ್ಷರ ಮಸುಕಾಗಿ, ಮತ್ತೆ ಅದ್ದಿದಾಗ ಒಮ್ಮೆಗೇ ಕಪ್ಪೇರಬೇಕು. ಎರಡು ಪುಟದುದ್ದಕ್ಕೂ ಒಂದೇ ಸಮ ಬಣ್ಣವಿದ್ದರೆ ಅನುಮಾನಿಸಿ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಬರವಣಿಗೆಯ ಗೆರೆ ಮಡಿಕೆಯನ್ನು ದಾಟುವ ಜಾಗ ಹುಡುಕಿ. ನಿಜವಾದ ಪತ್ರವನ್ನು ಮೊದಲು ಬರೆಯುತ್ತಾರೆ, ಆಮೇಲೆ ಲಕೋಟೆಗೆ ಮಡಚುತ್ತಾರೆ. ಮಡಿಕೆ ಬೀಳುವ ಹೊತ್ತಿಗೆ ಶಾಯಿ ಒಣಗಿರುತ್ತದೆ. ಹಾಗಾಗಿ ಅಲ್ಲಿ ಗೆರೆ ಬಿರುಕು ಬಿಟ್ಟಿರುತ್ತದೆ, ಉದುರಿರುತ್ತದೆ, ಆದರೆ ಅದರ ಅಂಚು ನೆಟ್ಟಗಿರುತ್ತದೆ. ಮೊದಲೇ ಮಡಚಿ ಹಳತಾದ ಹಾಳೆಯ ಮೇಲೆ ಬರೆದರೆ ಮಡಿಕೆಯಲ್ಲಿ ಮುರಿದ ನಾರುಗಳು ಶಾಯಿಯನ್ನು ಹೀರಿಕೊಳ್ಳುತ್ತವೆ. ಗೆರೆ ಅಲ್ಲಿ ಪಕ್ಕಕ್ಕೆ ಹರಿದು, ಮಡಿಕೆಯುದ್ದಕ್ಕೂ ಸಣ್ಣ ಮೀಸೆಯಂತೆ ಚಾಚಿಕೊಳ್ಳುತ್ತದೆ. ಹಳೆಯ ಹಾಳೆಯ ಮೇಲ್ಮೈಗೆ ಹಚ್ಚಿದ ಅಂಟುಲೇಪ ಸತ್ವ ಕಳೆದುಕೊಂಡಿರುವುದರಿಂದ ಉಳಿದ ಅಕ್ಷರಗಳ ಅಂಚೂ ಹಕ್ಕಿಯ ಗರಿಯಂತೆ ಒಡೆದಿರುತ್ತದೆ. ಒಂದು ಮಾತು ನೆನಪಿಡಿ. ನಿಮ್ಮ ಹಾಳೆಯ ನಡುಮಡಿಕೆಯನ್ನು ಬರೆಯುವ ಮೊದಲೇ ಹಾಕಿರುತ್ತಾರೆ, ಆ ಮಡಿಕೆಯಲ್ಲಿ ಇದನ್ನು ಹುಡುಕಬೇಡಿ. ಲಕೋಟೆಗಾಗಿ ಅಡ್ಡ ಮಡಚಿದ ಗೆರೆಗಳಲ್ಲಿ ಮಾತ್ರ ನೋಡಿ.

ಒದ್ದೆ ಮಾಡಿ ನೋಡುವ ಯಾವ ಪರೀಕ್ಷೆಯನ್ನೂ ನೀವೇ ಮಾಡಬಾರದು. ಕಬ್ಬಿಣವಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗುವ ಪರೀಕ್ಷಾಪಟ್ಟಿ ಇದೆ, ಆದರೆ ಅದನ್ನು ತೇವ ಮಾಡಿ ಶಾಯಿಗೆ ಒತ್ತಬೇಕಾಗುತ್ತದೆ. ಅದು ಹಳೆಯ ದಾಖಲೆಗಳ ಸಂರಕ್ಷಕರ ಕೆಲಸ.

ಈಗ ಒಕ್ಕಣೆಗೆ ಬರುತ್ತೇನೆ. 1882ರ ನವೆಂಬರ್ 19 ನಿಜಕ್ಕೂ ಭಾನುವಾರವೇ. ಫ್ರಾಂಕ್ ಜೇಮ್ಸ್ ಅಕ್ಟೋಬರ್ 5ರಂದು ಗವರ್ನರ್ ಕ್ರಿಟೆಂಡನ್ ಮುಂದೆ ಶರಣಾಗಿ, ಆ ಸಮಯದಲ್ಲಿ ಇಂಡಿಪೆಂಡೆನ್ಸ್ ಜೈಲಿನಲ್ಲಿದ್ದ. ಮಗ ರಾಬರ್ಟ್ ಹುಟ್ಟಿದ್ದು 1878ರಲ್ಲಿ, ಆಗ ಅವನಿಗೆ ನಾಲ್ಕು ವರ್ಷ. ಇವೆಲ್ಲ ಹೊಂದುತ್ತವೆ. ಹೆಸರುಗಳನ್ನು ಮುಚ್ಚಿಡದೆ ಬರೆದದ್ದೂ ಆ ತಿಂಗಳಿಗೆ ಸಹಜ. ಅದಕ್ಕೆ ಹಿಂದಿನ ವರ್ಷಗಳ ಪತ್ರವಾಗಿದ್ದರೆ ಇದೇ ದೊಡ್ಡ ದೋಷವಾಗುತ್ತಿತ್ತು. ತಲೆಮರೆಸಿಕೊಂಡಿದ್ದಾಗ ಜೆಸ್ಸಿಯ ಹೆಸರು ಹೋವರ್ಡ್, ಫ್ರಾಂಕನದು ವುಡ್ಸನ್. ಜೆಸ್ಸಿಯ ಮಗನನ್ನು ಮನೆಯಲ್ಲೂ ಟಿಮ್ ಎಂದೇ ಕರೆಯುತ್ತಿದ್ದರು. ಹುಡುಗನಿಗೆ ತನ್ನ ನಿಜವಾದ ಹೆಸರು ತಿಳಿದದ್ದು ತಂದೆ ಸತ್ತ ಮೇಲೆ. 1879ರ ಪತ್ರವೊಂದರ ಕೆಳಗೆ ಜೆಸ್ಸಿ ಜೇಮ್ಸ್ ಎಂದು ದಪ್ಪ ಸಹಿ ಇದ್ದರೆ ನನಗೆ ಮೊದಲು ಬರುವುದು ಅನುಮಾನವೇ.

ಅತ್ತೆಯ ಕೈನೋವಿನ ಸಾಲು ನಿಮ್ಮ ಮನಸ್ಸಿಗೆ ತಟ್ಟಿರಬಹುದು. ತಟ್ಟುವಂಥದ್ದೇ. 1875ರ ಜನವರಿಯ ಕೊನೆಯ ವಾರದ ಒಂದು ರಾತ್ರಿ ಪಿಂಕರ್ಟನ್ ಪತ್ತೇದಾರರ ಗುಂಪು ಜೆರೆಲ್ಡಾ ಅವರ ಹೊಲದ ಮನೆಯೊಳಗೆ ಬೆಂಕಿಯ ಗೋಳ ಎಸೆಯಿತು. ಅದು ಸಿಡಿದು ಅವರ ಎಂಟು ವರ್ಷದ ಮಗ ಆರ್ಚಿ ಸತ್ತ, ಜೆರೆಲ್ಡಾ ಒಂದು ಕೈಯನ್ನೇ ಕಳೆದುಕೊಂಡರು. ಆದರೆ ಈ ಸಂಗತಿ ಅಂದಿನಿಂದ ಇಂದಿನವರೆಗೂ ಅಚ್ಚಾಗುತ್ತಲೇ ಬಂದಿದೆ. ನಕಲಿ ಬರೆಯುವವನು ಮೊದಲು ಸೇರಿಸುವುದೇ ಇಂಥ ವಿವರವನ್ನು. ನಿಮ್ಮ ಪತ್ರದ ನಿಜವಾದ ಸಂಪತ್ತೆಂದರೆ ಆ ಇಬ್ಬರು ನೆರೆಯವರು. ಯಾವ ಪುಸ್ತಕದಲ್ಲೂ ಇಲ್ಲದ, ಯಾರಿಗೂ ಬೇಡವಾದ ಹೆಸರುಗಳು ಅವು. 1880ರ ಜನಗಣತಿಯಲ್ಲಿ ಜ್ಯಾಕ್ಸನ್ ಕೌಂಟಿಯ ಇಂಡಿಪೆಂಡೆನ್ಸ್ ಸುತ್ತ ಅವರನ್ನು ಹುಡುಕಿ. ಸಿಕ್ಕದಿದ್ದರೆ ಜಮೀನು ಪತ್ರ, ಚರ್ಚಿನ ಸದಸ್ಯರ ಪಟ್ಟಿ, ಸ್ಮಶಾನದ ಕಲ್ಲುಗಳನ್ನು ನೋಡಿ. 1890ರ ಜನಗಣತಿಯನ್ನು ನೆಚ್ಚಬೇಡಿ, 1921ರ ಬೆಂಕಿಯ ನಂತರ ಅದರಲ್ಲಿ ಉಳಿದದ್ದು ಅತ್ಯಲ್ಪ. ಆ ಇಬ್ಬರೂ ಆ ಕಾಲದಲ್ಲಿ, ಆ ದಾರಿಯಲ್ಲಿ ಇದ್ದವರೆಂದು ತೋರಿದರೆ ನಿಮ್ಮ ಪತ್ರದ ತೂಕ ಬಹಳ ಏರುತ್ತದೆ.

ಬರೆದವಳಿಗೆ ಏನು ಗೊತ್ತಿರಬಾರದು ಎಂಬುದನ್ನೂ ಗಮನಿಸಿ. ಗ್ಯಾಲಟಿನ್ ಊರಿನಲ್ಲಿ ಫ್ರಾಂಕನನ್ನು ನಿರ್ದೋಷಿ ಎಂದದ್ದು 1883ರ ಸೆಪ್ಟೆಂಬರಿನಲ್ಲಿ, ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಬಿಡುಗಡೆಯಾದದ್ದು 1884ರಲ್ಲಿ. ಗಂಡ ನೇಣಿಗೇರಬಹುದೆಂಬ ದಿಗಿಲಲ್ಲಿರುವ ಹೆಂಗಸಿನ ಪತ್ರದಲ್ಲಿ ಮುಂದಿನದು ಗೊತ್ತಿದ್ದವರ ನೆಮ್ಮದಿ ಎಲ್ಲಾದರೂ ಇಣುಕುತ್ತದೆಯೇ ಎಂದು ಒಂದೊಂದೇ ಸಾಲು ಓದಿ ನೋಡಿ. ಹೆಸರುಗಳ ಗೊಂದಲವನ್ನೂ ಮರೆಯಬೇಡಿ: ಜೆಸ್ಸಿಯ ತಾಯಿಯೂ ಜೆರೆಲ್ಡಾ, ಹೆಂಡತಿಯೂ ಜೆರೆಲ್ಡಾ. ಹೆಂಡತಿ ಅವನ ಸೋದರ ಸಂಬಂಧಿ, ಅತ್ತೆಯ ಹೆಸರನ್ನೇ ಆಕೆಗೆ ಇಟ್ಟಿದ್ದರು. ಜೀ ಎಂಬುದು ಆಕೆಯನ್ನು ಕರೆಯುತ್ತಿದ್ದ ಹೆಸರು.

ಕೈಬರಹದ ಹೋಲಿಕೆಯನ್ನು ಪುಸ್ತಕದಲ್ಲಿ ಅಚ್ಚಾದ ಒಂದು ಸಹಿ ಇಟ್ಟುಕೊಂಡು ಮಾಡಲಾಗದು. ಆ್ಯನಿಯದೇ ಎಂದು ಖಚಿತವಿರುವ, 1882ಕ್ಕೆ ಹತ್ತಿರದ ಹಲವು ಮಾದರಿಗಳು ಬೇಕು. ಸಾಕ್ಷಿಗಳ ಎದುರು ಸಹಿ ಮಾಡಿದ ನ್ಯಾಯಾಲಯದ ಕಾಗದ, ಆಸ್ತಿಪತ್ರ, ಸಂಸ್ಥೆಗಳು ಮನೆಯವರಿಂದಲೇ ಪಡೆದ ಪತ್ರಗಳು ಅಂಥವು. ಕ್ಲೇ ಕೌಂಟಿಯ ಜೇಮ್ಸ್ ಹೊಲದ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ, ಮಿಸ್ಸೌರಿ ರಾಜ್ಯದ ಐತಿಹಾಸಿಕ ಸಂಘದಲ್ಲಿ, ಜೆಫರ್ಸನ್ ಸಿಟಿಯ ರಾಜ್ಯ ಪತ್ರಾಗಾರದಲ್ಲಿ ಏನೇನಿದೆ ಎಂದು ಮೊದಲು ಬರೆದು ಕೇಳಿ. ಹೋಲಿಸುವ ಕೆಲಸವನ್ನು ದಾಖಲೆ ಪರೀಕ್ಷಿಸುವ ತಜ್ಞರಿಗೇ ಬಿಡಿ. ಅಕ್ಷರದ ಆಕಾರವನ್ನು ಯಾರೂ ನಕಲಿಸಬಹುದು, ಬರೆಯುವ ವೇಗವನ್ನು ನಕಲಿಸುವುದು ಕಷ್ಟ. ತಜ್ಞರು ಹುಡುಕುವುದು ಆ ವೇಗವನ್ನೇ, ಅಂದರೆ ಗೆರೆಯಲ್ಲಿನ ನಡುಕ, ನಡುವೆ ಲೇಖನಿ ಎತ್ತಿ ಮತ್ತೆ ಇಟ್ಟ ಗುರುತು, ತಿದ್ದಿ ತುಂಬಿಸಿದ ತೇಪೆ.

ಡಿಎನ್ಎ ಸಲಹೆಯನ್ನು ಬಿಟ್ಟುಬಿಡಿ. ಜೆಸ್ಸಿಯ ಶವವನ್ನು ಅಂಗಳದಿಂದ ಆಮೇಲೆ ಕಿಯರ್ನಿ ಊರಿನ ಸ್ಮಶಾನಕ್ಕೆ ಸಾಗಿಸಿದ್ದರು. 1995ರಲ್ಲಿ ಅಲ್ಲಿನ ಸಮಾಧಿ ತೆರೆದು, ತಾಯಿಯ ಕಡೆಯ ವಂಶದವರ ಮಾದರಿಯೊಂದಿಗೆ ಹೋಲಿಸಿದ್ದು ನಿಜ, ಹೊಂದಿಕೆಯಾದದ್ದೂ ನಿಜ. ಆದರೆ ಆ್ಯನಿ ರಾಲ್ಸ್ಟನ್ ಮನೆಯ ಮಗಳು. ಜೇಮ್ಸ್ ರಕ್ತದ ಮಾದರಿಯೊಂದಿಗೆ ಆಕೆಯದು ಹೊಂದಬೇಕಾದ ಕಾರಣವೇ ಇಲ್ಲ. ಮೇಲಾಗಿ ಚೀಟಿ ಇರುವುದು ಈ ಪತ್ರದ್ದಲ್ಲದ ಲಕೋಟೆಯ ಮೇಲೆ. ಅದನ್ನು ನೆನೆಸಿ ಎಬ್ಬಿಸಿದರೆ ಇರುವ ಸಾಕ್ಷ್ಯವೂ ಹಾಳಾಗುತ್ತದೆ.

ಈಗ ಅವಸರದ ವಿಷಯ. ಲ್ಯಾಮಿನೇಟ್ ಬೇಡವೇ ಬೇಡ. ಶಾಖದಲ್ಲಿ ಕರಗಿದ ಪ್ಲಾಸ್ಟಿಕ್ ನಾರಿನೊಳಗೆ ಇಳಿಯುತ್ತದೆ, ಶಾಯಿಯ ಆಮ್ಲ ಒಳಗೇ ಉಳಿಯುತ್ತದೆ. ಆಮೇಲೆ ಯಾವ ಪರೀಕ್ಷೆಗೂ ಹಾಳೆ ಸಿಗುವುದಿಲ್ಲ. ಅಂಟುಟೇಪನ್ನು ಕೀಳಬೇಡಿ. ಅದರ ಅಂಟು ಹಳತಾದಂತೆ ಎಣ್ಣೆಯಾಗಿ ನಾರಿಗೆ ಇಂಗಿರುತ್ತದೆ, ಎಳೆದರೆ ಅಕ್ಷರ ಸಮೇತ ಮೇಲ್ಪದರ ಎದ್ದುಬರುತ್ತದೆ. ಸಂರಕ್ಷಕರು ಹದವಾಗಿ ಬಿಸಿ ಮಾಡಿದ ಚಪ್ಪಟೆ ಸಲಾಕೆಯಿಂದ ಟೇಪಿನ ಹಾಳೆಯನ್ನು ಎಬ್ಬಿಸಿ, ಉಳಿದ ಅಂಟನ್ನು ದ್ರಾವಕದಿಂದ ತೆಗೆಯುತ್ತಾರೆ. ಅದಕ್ಕೆ ಮೊದಲು ಶಾಯಿ ಯಾವುದೆಂದು ಖಚಿತವಾಗಬೇಕು, ಏಕೆಂದರೆ ಆ ಕಾಲದಲ್ಲಿ ಬಂದಿದ್ದ ಅನಿಲೀನ್ ಬಣ್ಣದ ಶಾಯಿಗಳು ದ್ರಾವಕಕ್ಕೆ ಹರಡಿಬಿಡುತ್ತವೆ. ಹರಿದಲ್ಲಿಗೆ ತೆಳ್ಳನೆಯ ಜಪಾನಿ ಹಾಳೆಯ ಪಟ್ಟಿ ಹಚ್ಚುತ್ತಾರೆ. ಕಬ್ಬಿಣದ ಶಾಯಿಯಾದರೆ ನೀರು ಹೆಚ್ಚಿರುವ ಗೋಧಿಪಿಷ್ಟದ ಅಂಟಿಗಿಂತ, ತುಸುವೇ ತೇವದಲ್ಲಿ ಹಿಡಿಯುವ ಜೆಲಟಿನ್ ಲೇಪದ ಪಟ್ಟಿ ಕ್ಷೇಮ. ನೀರು ತಗುಲಿದರೆ ಶಾಯಿಯ ಕಬ್ಬಿಣ ಪಕ್ಕದ ಹಾಳೆಗೆ ಹರಿದು ಅಲ್ಲಿಯೂ ಸುಡಲು ಶುರುಮಾಡುತ್ತದೆ.

ಅಲ್ಲಿಯವರೆಗೆ ಪತ್ರವನ್ನು ಬಿಡಿಸಿ ಚಪ್ಪಟೆಯಾಗಿಡಿ. ಎರಡು ಬದಿ ತೆರೆದ ಪಾಲಿಯೆಸ್ಟರ್ ಹೊದಿಕೆ ಒಳ್ಳೆಯದು, ಪಿವಿಸಿ ಹೊದಿಕೆ ಬೇಡ. ಶಾಯಿ ಪುಡಿಪುಡಿಯಾಗಿ ಉದುರುತ್ತಿದ್ದರೆ ಪಾಲಿಯೆಸ್ಟರೂ ಬೇಡ. ಅದರ ಸ್ಥಾಯೀ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ, ಆಗ ಆಮ್ಲರಹಿತ ಹಾಳೆಯ ನಡುವೆ ಇಡಿ. 21 ಡಿಗ್ರಿ ಮೀರದ ಉಷ್ಣತೆ, ಶೇಕಡಾ 35ರಿಂದ 50ರೊಳಗೆ ತೇವಾಂಶ, ಏರಿಳಿತ ಕಡಿಮೆ. ಅಟ್ಟವೂ ನೆಲಮಾಳಿಗೆಯೂ ಬೇಡ. ಚೌಕಟ್ಟು ಹಾಕಿಸುವ ಆಸೆಯಿದ್ದರೆ ಗೋಡೆಗೆ ಪ್ರತಿಯನ್ನು ತೂಗಿಹಾಕಿ. ಚಪ್ಪಟೆ ಸ್ಕ್ಯಾನರಿನಲ್ಲಿ 600 ಡಿಪಿಐಗೆ ನಾಲ್ಕೂ ಪುಟ, ಲಕೋಟೆಯ ಎರಡೂ ಬದಿ ಒಮ್ಮೆ ಸ್ಕ್ಯಾನ್ ಮಾಡಿ. ಪಕ್ಕದಿಂದ ಬೆಳಕು ಬಿಟ್ಟು ಮಡಿಕೆಗಳ ಫೋಟೋ ತೆಗೆಯಿರಿ. ಆಮೇಲೆ ಮೂಲವನ್ನು ಮುಟ್ಟುವ ಅಗತ್ಯ ಕಡಿಮೆಯಾಗುತ್ತದೆ.

ಪೆಟ್ಟಿಗೆ ಯಾರ ಮನೆಯದು, ಅವರಿಗೆ ಯಾರಿಂದ ಬಂತು ಎಂಬುದನ್ನು ಮಾರಿದವರಿಂದ ಈಗಲೇ ಬರೆಸಿಕೊಳ್ಳಿ, ರಸೀದಿ ಜೋಪಾನ ಮಾಡಿ. ಪೆಟ್ಟಿಗೆಯಲ್ಲಿದ್ದ ಬೇರೆ ಕಾಗದಗಳನ್ನೂ ಎಸೆಯದೆ ಒಟ್ಟಿಗೇ ಇಡಿ. ಪತ್ರವೊಂದನ್ನು ನಂಬುವುದು ಅದು ಹಾದುಬಂದ ಕೈಗಳ ಸರಪಳಿಯಿಂದ. ಅಂದಚಂದದ ದೃಢೀಕರಣ ಪತ್ರವನ್ನು ಮಾರುವವನೇ ಅಚ್ಚು ಹಾಕಿಸಬಹುದು. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನ ಸಂಖ್ಯೆ, ಸಂಸ್ಥೆಯ ಮುದ್ರೆ, ಕಡತದಿಂದ ಬಿಚ್ಚಿದ ತೂತುಗಳಿವೆಯೇ ನೋಡಿ. ಇದ್ದರೆ ಅದು ಪತ್ರಾಗಾರ ಅಥವಾ ನ್ಯಾಯಾಲಯದಿಂದ ಹೊರಬಿದ್ದದ್ದಿರಬಹುದು, ಅಂಥದ್ದನ್ನು ಸರ್ಕಾರ ಹಿಂದಕ್ಕೆ ಕೇಳಬಹುದು. ದರೋಡೆಕೋರರ ಮನೆಯವರ ಖಾಸಗಿ ಪತ್ರ ಇಟ್ಟುಕೊಳ್ಳುವುದರಲ್ಲಿ ಬೇರೆ ತಪ್ಪೇನೂ ಇಲ್ಲ. ಅಚ್ಚು ಮಾಡುವ ಹಕ್ಕಿನ ಚಿಂತೆ ಇದ್ದರೆ, ಆ್ಯನಿ ತೀರಿಕೊಂಡದ್ದು 1944ರಲ್ಲಿ. ಅಪ್ರಕಟಿತ ಬರಹಕ್ಕೆ ಅಲ್ಲಿ ಬರೆದವರು ತೀರಿದ ಮೇಲೆ 70 ವರ್ಷ ರಕ್ಷಣೆ. ಅದು 2014ರ ಕೊನೆಗೆ ಮುಗಿದಿದೆ. ಪತ್ರ 1978ರಿಂದ 2002ರ ನಡುವೆ ಎಲ್ಲಾದರೂ ಅಚ್ಚಾಗಿದ್ದರೆ ಮಾತ್ರ ಲೆಕ್ಕ ಬೇರೆ.

ಮಾರಾಟ, ದಾನ, ಇಟ್ಟುಕೊಳ್ಳುವುದು, ಮೂರಕ್ಕೂ ಅದರದರ ತೊಂದರೆಯಿದೆ. ಈಗ ಮಾರಿದರೆ ಅಸಲಿಯಾದಲ್ಲಿ ನಿಮಗೆ ನಷ್ಟ. ನಕಲಿಯಾದಲ್ಲಿ, ಅಸಲಿ ಎಂದು ನೀವು ಬರೆದುಕೊಟ್ಟಿದ್ದರೆ ವ್ಯಾಜ್ಯ ನಿಮ್ಮ ಬಾಗಿಲಿಗೆ ಬರುತ್ತದೆ. ಏನೇ ಬರೆದರೂ "ಆ್ಯನಿ ಜೇಮ್ಸ್ ಬರೆದದ್ದೆಂದು ಹೇಳಲಾದ" ಎಂದೇ ಬರೆಯಿರಿ. ದಾನಕ್ಕೆ 5,000 ಡಾಲರ್ ಮೀರಿದ ತೆರಿಗೆ ವಿನಾಯಿತಿ ಬೇಕಾದರೆ ಅರ್ಹ ಮೌಲ್ಯಮಾಪಕರ ವರದಿ ಕಡ್ಡಾಯ, ಅದನ್ನು ಪಡೆಯುವ ಸಂಸ್ಥೆಯೇ ಕೊಡುವಂತಿಲ್ಲ. ಇಟ್ಟುಕೊಂಡರೆ ಜೋಪಾನ ಮಾಡುವ ಹೊಣೆ ನಿಮ್ಮದು. ನನ್ನನ್ನು ಕೇಳಿದರೆ, ಸದ್ಯಕ್ಕೆ ಇಟ್ಟುಕೊಂಡು ನೆರೆಯವರ ಹೆಸರು ಹುಡುಕಿ ಮುಗಿಸಿ. ಆ ಸಂಗ್ರಾಹಕರಿಗೆ ಪರೀಕ್ಷೆ ಮುಗಿಯದೆ ಮಾರುವುದಿಲ್ಲ ಎಂದು ಬರೆಯಿರಿ. "ನೋಡಿ ಹೇಳುತ್ತೇನೆ, ಮೂಲವನ್ನು ಅಂಚೆಯಲ್ಲಿ ಕಳಿಸಿ" ಎಂದು ಅವರು ಕೇಳಿದರೆ ಸ್ಕ್ಯಾನನ್ನಷ್ಟೇ ಕಳಿಸಿ.

ಲಕೋಟೆಯನ್ನು ಮಾತ್ರ ಬಿಸಾಡಬೇಡಿ. ಅದರ ಮೇಲಿನ ವಿಳಾಸದ ಅಕ್ಷರಗಳನ್ನು ಪತ್ರದ ಅಕ್ಷರಗಳ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಕೈಯದಾಗಿದ್ದರೆ, 1883ರ ಅಕ್ಟೋಬರ್ ನಂತರ ಅದೇ ಹೆಂಗಸು ಬರೆದ ಇನ್ನೊಂದು ಪತ್ರ ಇತ್ತೆಂದಾಯಿತು. ಅದು ಆ ಪೆಟ್ಟಿಗೆ ಬಂದ ಮನೆಯಲ್ಲೇ ಎಲ್ಲಾದರೂ ಇರಬಹುದು, ಕೇಳಿ ನೋಡಿ.